ಅಲ್ಮಾಸ್ ಅಂಟಿಸಿದ ಲೇಬಲ್ಲು

ಭದ್ರಾವತಿ ಹಳೇನಗರದ ಬಾಬು ಸಾಬ್ ಮನೆಯಲ್ಲಿ ಕೆಟ್ಟ ಸುದ್ದಿ ಹೇಳುವುದಕ್ಕೆ ಒಂದು ಪದ್ಧತಿ ಇತ್ತು. ಯಾರಾದರೂ ತೀರಿಕೊಳ್ಳಲಿ, ಗೊತ್ತಾದ ಮದುವೆ ಮುರಿದು ಬೀಳಲಿ, ಸುದ್ದಿ ಮೊದಲು ಹೆಂಡತಿ ರೋಶನ್ ಬೀ ಕಿವಿಗೆ ಹೋಗಬೇಕು. ಆಕೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನೂ ಆಗದವಳ ಹಾಗೆ ಓಡಾಡಿಕೊಂಡಿರಬೇಕು. ಗಂಡ ಲಾರಿ ಗ್ಯಾರೇಜಿನಿಂದ ಬಂದು, ಕೈಯ ಗ್ರೀಸು ತಿಕ್ಕಿ ತಿಕ್ಕಿ ತೊಳೆದು, ತಟ್ಟೆ ಮುಂದೆ ಕೂತು, ಹೊಟ್ಟೆ ತುಂಬ ಉಂಡು, ಕೊನೆಯ ಗುಟುಕು ನೀರು ಕುಡಿದ ಮೇಲೆ ಆಕೆ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಬೇಕು. ಬಾಬು ಸಾಬನ ತಾಯಿ ಸತ್ತ ಸುದ್ದಿಯನ್ನೂ ಆಕೆ ಹೇಳಿದ್ದು ಹೀಗೇ.

ಒಂದೇ ಒಂದು ಸಲ ಈ ಪದ್ಧತಿ ತಪ್ಪಿತ್ತು. ತಮ್ಮನ ಲಾರಿ ಘಾಟಿಯಲ್ಲಿ ಉರುಳಿದಾಗ ಯಾರೋ ಪುಣ್ಯಾತ್ಮ ನೇರ ಗ್ಯಾರೇಜಿಗೇ ಫೋನ್ ಮಾಡಿ ಒದರಿಬಿಟ್ಟ. ಬಾಬು ಸಾಬ್ ನಿಂತಲ್ಲೇ ಕುಸಿದ. ಆಮೇಲೆ ಎಷ್ಟೋ ದಿನ ಅವನ ಮಾತು ತೊದಲುತ್ತಿತ್ತು. "ಅವರಿಗೆ ಏನೇ ಇದ್ರೂ ನಾನೇ ಹೇಳ್ಬೇಕು ಮಾರಾಯ್ತಿ. ಬೇರೆಯವರ ಬಾಯಲ್ಲಿ ಕೇಳಿದ್ರೆ ಅವರು ತಡ್ಕೊಳ್ಳಲ್ಲ" ಎಂದು ರೋಶನ್ ಬೀ ಪಕ್ಕದ ಮನೆಯ ಸಣ್ಣಮ್ಮನ ಹತ್ತಿರ ಹೇಳುತ್ತಲೇ ಇದ್ದಳು.

ಅವರ ಒಬ್ಬಳೇ ಮಗಳು ಅಲ್ಮಾಸ್. ಡಿಪ್ಲೊಮಾ ಓದಿ, ಶಿವಮೊಗ್ಗದ ವಿದ್ಯಾನಗರದಲ್ಲಿರುವ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಲ್ಯಾಬಿನ ಹೆಸರು ಬೇಡ, ಹೆಸರಿನಿಂದ ಈಗ ಯಾರಿಗೂ ಏನೂ ಆಗಬೇಕಾಗಿಲ್ಲ. ದಿನಾ ಬೆಳಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸಿಳಿದು ಬರುವುದು. ಕೆಲಸ ಲ್ಯಾಬಿನ ನೆಟ್‌ವರ್ಕ್ ನೋಡಿಕೊಳ್ಳುವುದು. ಹಾಗೆಂದರೆ ಏನು ಅಂತ ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವವಳು ಎಂದೇ ಎಲ್ಲರ ತಿಳುವಳಿಕೆ. ಅವಳೂ ತಿದ್ದಲು ಹೋಗುತ್ತಿರಲಿಲ್ಲ, ಯಾಕೆಂದರೆ ಅದನ್ನೂ ಅವಳೇ ಎಳೆಯಬೇಕಾಗಿತ್ತು.

ಆ ಲ್ಯಾಬಿಗೆ ಭದ್ರಾವತಿಯ ರಂಗಪ್ಪ ಸರ್ಕಲ್ಲಿನ ಹತ್ತಿರ ಒಂದು ಶಾಖೆ ಇತ್ತು. ಅಲ್ಲಿ ರಕ್ತವನ್ನೋ, ಗಂಟು ಗಡ್ಡೆಗೆ ಸೂಜಿ ಚುಚ್ಚಿ ಮಾದರಿಯನ್ನೋ ತೆಗೆದು, ಟ್ಯೂಬುಗಳನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸುವುದು. ರಿಪೋರ್ಟು ಕಂಪ್ಯೂಟರಿನಲ್ಲಿ ವಾಪಸು ಬರುವುದು. ರಿಪೋರ್ಟು ಬಂದ ಕೂಡಲೇ ಕೌಂಟರಿನವನು ಗಂಟಲು ಹರಿಯುವ ಹಾಗೆ ಹೆಸರನ್ನೂ ರಿಪೋರ್ಟನ್ನೂ ಕೂಗುವುದು ಅಲ್ಲಿಯ ರೂಢಿ. ಶುಗರ್ರು, ಥೈರಾಯ್ಡು ಕೂಗಿದರೆ ಹೋಗಲಿ ಬಿಡಿ. ಒಂದು ದಿನ ಆ ಆಸಾಮಿ "ಸಣ್ಣಮ್ಮಾ! ಗರ್ಭಕೋಶದ ಗಡ್ಡೆ ಯಾರ್ದು? ಸಣ್ಣಮ್ಮಾ!" ಎಂದು ಬೀದಿಗೆ ಕೇಳುವಂತೆ ಕೂಗಿದ.

ಸಣ್ಣಮ್ಮ ಮನೆಯಲ್ಲೇ ಇಡ್ಲಿ ಮಾಡಿ ಮಾರುತ್ತಿದ್ದವಳು. ಬೆಳಗಾದರೆ ಅವಳ ಬಾಗಿಲಲ್ಲಿ ಡಬ್ಬಿ ಹಿಡಿದ ಜನ. ಆ ಕೂಗಿನ ಮರುದಿನದಿಂದ ಡಬ್ಬಿಗಳು ಕಮ್ಮಿಯಾದವು. ಅಂಟಿಕೊಳ್ಳುವ ರೋಗವೇನಲ್ಲ ಅದು, ಆದರೆ ಹೇಳುವವರು ಯಾರು, ಕೇಳುವವರು ಯಾರು? ಆಪರೇಶನ್ ಆಯಿತು, ಸಣ್ಣಮ್ಮ ಗಟ್ಟಿಯಾಗಿ ಎದ್ದು ಓಡಾಡಿದಳು. ಗಿರಾಕಿಗಳು ಮಾತ್ರ ವಾಪಸು ಬರಲಿಲ್ಲ. ಅವಳ ದೊಡ್ಡ ಇಡ್ಲಿ ಪಾತ್ರೆ ಹಿತ್ತಲಲ್ಲಿ ಬೋರಲಾಗಿ ಬಿದ್ದಿತ್ತು. ಚಿಕ್ಕಂದಿನಿಂದ ಆ ಪಾತ್ರೆಯ ಇಡ್ಲಿ ತಿಂದು ಬೆಳೆದ ಅಲ್ಮಾಸ್ ಅದನ್ನು ನೋಡಿದಾಗೆಲ್ಲ ಆ ಕೂಗಿದವನನ್ನು ಬಯ್ದುಕೊಳ್ಳುತ್ತಿದ್ದಳು.

ಅವಳು ಶಿವಮೊಗ್ಗದಲ್ಲಿ ದೊಡ್ಡವರ ಹತ್ತಿರ ಜಗಳವಾಡಿದಳು. ಕೂಗುವವನನ್ನು ತೆಗೆದು ಶೀತಲ್ ಎಂಬ ಮೆದು ಮಾತಿನ ಹುಡುಗಿಯನ್ನು ಕೌಂಟರಿಗೆ ಕೂರಿಸಿದರು. ಅಲ್ಮಾಸಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕೌಂಟರಿನ ಕಂಪ್ಯೂಟರಿನಲ್ಲಿ ಎಲ್ಲರದ್ದೂ ಎಲ್ಲವೂ ಕಾಣುವವರೆಗೆ ಇವತ್ತು ಇವಳು, ನಾಳೆ ಇನ್ನೊಬ್ಬಳು ಬಾಯಿ ಬಿಟ್ಟೇ ಬಿಡುತ್ತಾರೆ. ಕಾಣಲೇಬಾರದು, ಹಾಗೆ ಮಾಡುತ್ತೇನೆ ಎಂದು ಹಟ ಹಿಡಿದಳು.

ಲ್ಯಾಬಿನ ಕಂಪ್ಯೂಟರುಗಳಲ್ಲಿ ಇದ್ದದ್ದು ಲಿನಕ್ಸು. ಅಪ್ಪ ಲಾರಿ ಇಂಜಿನ್ ಬಿಚ್ಚಿ ಹರಡಿಕೊಂಡು ಕೂರುವ ಹಾಗೆ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ ವ್ಯವಸ್ಥೆ ಅದು. ಅದರೊಳಗೆ ಒಂದು ಸೌಕರ್ಯ ಇದೆ ಎಂದು ಅಲ್ಮಾಸ್ ಓದಿ ತಿಳಿದುಕೊಂಡಳು. ತಂತಿಯಲ್ಲಿ ಹೋಗುವ ಮಾಹಿತಿ ಸಣ್ಣ ಸಣ್ಣ ಪೊಟ್ಟಣವಾಗಿ ಹೋಗುತ್ತದಲ್ಲ, ಆ ಪ್ರತಿ ಪೊಟ್ಟಣಕ್ಕೂ ಒಂದು ಲೇಬಲ್ಲು ಅಂಟಿಸಬಹುದು, ರಕ್ತದ ಟ್ಯೂಬಿಗೆ ಅಂಟಿಸಿದ ಹಾಗೆ. ಇದು ಸಾಮಾನ್ಯದ್ದು, ಇದು ಗುಟ್ಟಿನದ್ದು ಅಂತ. ಆ ಕಡೆಯ ಕಂಪ್ಯೂಟರು ಲೇಬಲ್ಲು ನೋಡಿ, ಇಲ್ಲಿ ಕೂತವರಿಗೆ ಇದನ್ನು ಓದುವ ಹಕ್ಕಿದ್ದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಯಾರ ದಾಕ್ಷಿಣ್ಯಕ್ಕೂ ಬಗ್ಗುವುದಿಲ್ಲ.

ಕೇಳಲು ಸುಲಭ, ಮಾಡಲು ಪ್ರಾಣ ಹೋಗುತ್ತದೆ. ಮೊದಲ ಸಲ ಬರೆದ ನಿಯಮ ಅವಳನ್ನೇ ಹೊರಗೆ ಹಾಕಿತು. ಭದ್ರಾವತಿಯ ಕಂಪ್ಯೂಟರು ಅವಳ ಮಾತನ್ನೇ ಕೇಳದೆ ಕೂತಾಗ, ಬಸ್ಸು ಹತ್ತಿ ಬಂದು ಅದರ ಮುಂದೆ ಕೂತು ಬಿಡಿಸಬೇಕಾಯಿತು. ಆಮೇಲೆ ಲೇಬಲ್ಲಿನ ಪೊಟ್ಟಣಗಳು ದಾರಿಯಲ್ಲೇ ಮಾಯವಾಗತೊಡಗಿದವು. ನಡುವೆ ಇಂಟರ್ನೆಟ್ಟಿನವರ ಯಂತ್ರಗಳು ಗುರುತಿಲ್ಲದ ಲೇಬಲ್ಲು ಕಂಡರೆ ಎಸೆದುಬಿಡುತ್ತಿದ್ದವು, ಎಸೆದೆ ಅಂತ ಒಂದು ಮಾತೂ ಹೇಳದೆ. ಅದಕ್ಕೆ ಎರಡೂ ಊರಿನ ನಡುವೆ ಮುಚ್ಚಿದ ಸುರಂಗದಂಥದ್ದೊಂದನ್ನು ಮಾಡಿ ಅದರೊಳಗೆ ಕಳಿಸಿದಳು. ಸದ್ಯಕ್ಕೆ ಯಾವುದನ್ನೂ ತಡೆಯಬೇಡ, ಯಾವುದನ್ನು ತಡೆಯುತ್ತಿದ್ದೆ ಎಂದು ಬರೆದಿಡು ಸಾಕು ಎಂದು ಕಂಪ್ಯೂಟರಿಗೆ ಹೇಳಿಟ್ಟು ಕೆಲವು ವಾರ ನೋಡಿದಳು. ಎಲ್ಲ ಸರಿ ಅನ್ನಿಸಿದ ಮೇಲೆ ಒಂದು ಸೋಮವಾರ, ಇನ್ನು ತಡೆ ಎಂದಳು. ಗುಟ್ಟಿನ ಲೇಬಲ್ಲು ಹತ್ತಿದ ಗಡ್ಡೆ ಪರೀಕ್ಷೆಯ ರಿಪೋರ್ಟುಗಳು ಅಂದಿನಿಂದ ಕೌಂಟರಿನಲ್ಲಿ ತೆರೆಯಲಿಲ್ಲ. ಒಳಗಿನ ಕೋಣೆಯಲ್ಲಿ ಕೂರುವ ಡಾಕ್ಟರ್ ಶಾಂಭವಿಯವರ ಕಂಪ್ಯೂಟರಿನಲ್ಲಿ ಮಾತ್ರ ತೆರೆದವು.

ಆ ರಾತ್ರಿ ಊಟಕ್ಕೆ ಕೂತಾಗ ಅಲ್ಮಾಸ್ ಜಂಭ ಕೊಚ್ಚಿಕೊಂಡಳು. ಕೊಚ್ಚಿಕೊಳ್ಳಲಿ ಬಿಡಿ, ಅಷ್ಟು ಕಷ್ಟಪಟ್ಟಿದ್ದಳು.

"ಅಂದ್ರೆ ಕೌಂಟರ್‌ನವಳಿಗೂ ಗೊತ್ತಾಗಲ್ವಾ?" ರೋಶನ್ ಬೀ ಕೇಳಿದಳು.

"ಗೊತ್ತಾಗಲ್ಲ ಅಮ್ಮೀ."

"ನಿನಗೆ?"

"ನನಗೂ ಕಾಣಲ್ಲ. ಡಾಕ್ಟರ್ ಬಿಟ್ರೆ ಯಾರಿಗೂ ಇಲ್ಲ. ಇನ್ಮೇಲೆ ಸಣ್ಣಮ್ಮನಿಗೆ ಆದಂಗೆ ಯಾರಿಗೂ ಆಗಲ್ಲ, ನೋಡ್ತಾ ಇರು."

ತಾಯಿ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ತನ್ನ ಕೆಲಸದ ಬಗ್ಗೆ ಅಮ್ಮ ಇಷ್ಟು ವಿಚಾರಿಸಿದ್ದು ಇದೇ ಮೊದಲು ಎಂದು ಅಲ್ಮಾಸ್ ಹಿಗ್ಗಿದಳು. ಆ ಹೊತ್ತಿಗಾಗಲೇ ರೋಶನ್ ಬೀಯ ಎದೆಯಲ್ಲೊಂದು ಗಂಟು ಅವಳ ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಎಲ್ಲಿ ತೋರಿಸಿದರೆ ತಾನು ಹೇಳುವ ಮೊದಲೇ ಸುದ್ದಿ ಗಂಡನಿಗೆ ಮುಟ್ಟುತ್ತದೋ ಎಂಬ ಹೆದರಿಕೆಯಲ್ಲೇ ದಿನ ದೂಡುತ್ತಿದ್ದಳು. ಆ ಊಟದ ಹೊತ್ತಿನಲ್ಲಿ ಅವಳಿಗೆ ದಾರಿ ಕಂಡಿತು. ಮಗಳೇ ಬೀಗ ಹಾಕಿದ ಜಾಗ, ಅಲ್ಲಿಗೇ ಹೋದರಾಯಿತು. ಏನೂ ಇಲ್ಲ ಅಂತ ಬಂದರೆ ಯಾರಿಗೂ ಹೇಳುವುದೇ ಬೇಡ. ಇದೆ ಅಂತ ಬಂದರೆ, ಗಂಡನಿಗೆ ಉಣ್ಣಿಸಿ, ಪಕ್ಕ ಕೂತು, ತಾನೇ ಹೇಳುವುದು. ಒಂದು ವಾರ ಕಳೆದು, ಮಗಳು ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ, ಬುರ್ಖಾ ಹಾಕಿಕೊಂಡು ಹೋಗಿ ಗಂಟಿಗೆ ಸೂಜಿ ಚುಚ್ಚಿಸಿಕೊಂಡು ಬಂದಳು.

ಅತ್ತ ಶಿವಮೊಗ್ಗದಲ್ಲಿ ಅಲ್ಮಾಸ್ ಖುಷಿಯಲ್ಲಿದ್ದಳು. ಕೌಂಟರಿನಲ್ಲಿ ಒಂದು ರಿಪೋರ್ಟು ತಡೆಯಲ್ಪಟ್ಟಾಗೆಲ್ಲ ಅವಳ ಪರದೆಯ ಮೇಲೆ "ನಿರಾಕರಿಸಲಾಗಿದೆ" ಎಂಬರ್ಥದ ಒಂದು ಸಾಲು ಮೂಡುತ್ತಿತ್ತು. ಹೆಸರಿಲ್ಲ, ರೋಗವಿಲ್ಲ, ಬರೀ ಲೇಬಲ್ಲು. ಒಂದೊಂದು ಸಾಲು ಕಂಡಾಗಲೂ ಒಬ್ಬ ಸಣ್ಣಮ್ಮನನ್ನು ಉಳಿಸಿದೆ ಅಂತ ಲೆಕ್ಕ ಅವಳದ್ದು. ಶೀತಲ್ ಎರಡು ಸಲ ಫೋನ್ ಮಾಡಿ, "ಅಲ್ಮಾಸಕ್ಕ, ಇಲ್ಲಿ ಯಾಕೋ ಸರಿಯಿಲ್ಲ, ಒಂದ್ಸಲ ಬಂದು ಕೂತು ನೋಡಿ" ಎಂದಳು. "ಪರದೆ ಮೇಲೆ ಬರೋ ಲಾಗ್ ಎಲ್ಲಾ ಸರಿಯಾಗೇ ಇದೆ ಕಣೇ" ಎಂದು ಅಲ್ಮಾಸ್ ಮುಂದೂಡಿದಳು. ಅಯ್ಯೋ ಮಾರಾಯ್ತಿ, ಪರದೆಯಲ್ಲಿ ಸರಿಯಿದ್ದರೆ ಬೆಂಚಿನ ಮೇಲೂ ಸರಿಯಿರುತ್ತದೆ ಅಂತ ಯಾರು ಹೇಳಿದರು ನಿನಗೆ? ಬಸ್ಸು ಹತ್ತಿ ಒಂದು ದಿನ ಬಂದಿದ್ದರೆ ಆಗುತ್ತಿರಲಿಲ್ಲವೇ!

ಬಂದಳು, ಕೊನೆಗೆ. ಮನೆಯಲ್ಲಿ ಹೇಳದೆ, ಬಸ್ ಸ್ಟ್ಯಾಂಡಿನವರೆಗೆ ಹೋದವಳು ಏನೋ ಮನಸ್ಸಾಗಿ ಹಿಂದಿರುಗಿ ಶಾಖೆಗೆ ಬಂದು, ಕೌಂಟರಿನ ಹಿಂದೆ ಕಪಾಟಿನ ಮರೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತಳು. ಬೆಂಚು ತುಂಬ ಜನ. ಶೀತಲ್ ಹೆಸರು ಕರೆಯುತ್ತಿದ್ದಳು, ಮೆಲ್ಲಗೆ. ಒಬ್ಬರು ಬಂದರು, ರಿಪೋರ್ಟು ತೆರೆಯಿತು, ಪ್ರಿಂಟ್ ತೆಗೆದುಕೊಂಡು ಹೋದರು. ಇನ್ನೊಬ್ಬರು ಬಂದರು, ಹೋದರು.

"ರೋಶನ್ ಬೀ."

ಊರಲ್ಲಿ ಆ ಹೆಸರಿನವರು ಬೇಕಾದಷ್ಟು ಜನ. ಅಲ್ಮಾಸ್ ತಲೆ ಎತ್ತಲಿಲ್ಲ. ಪರದೆಯ ಮೇಲೆ ಹೊಸ ಸಾಲು ಮೂಡಿತು: ನಿರಾಕರಿಸಲಾಗಿದೆ. ಒಬ್ಬರನ್ನು ಉಳಿಸಿದೆ ಅಂದುಕೊಳ್ಳುವಷ್ಟರಲ್ಲಿ ಶೀತಲ್ ದನಿ ಕೇಳಿಸಿತು. "ಅಮ್ಮ, ನೀವು ಒಳಗೆ ಡಾಕ್ಟರ್ ಹತ್ರ ಹೋಗಿ."

ಬೆಂಚಿನವರು ತಿರುಗಿ ನೋಡಿದರು. ಯಾರೋ ಲೊಚಗುಟ್ಟಿದರು. ಒಬ್ಬಳು ಮಗುವನ್ನು ಹತ್ತಿರ ಎಳೆದುಕೊಂಡಳು. "ಪಾಪ, ಒಳಗೆ ಕಳಿಸಿದ್ರು" ಎಂದು ಒಬ್ಬ ಮುದುಕ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅಲ್ಮಾಸಿಗೆ ಅರ್ಥವಾಯಿತು, ಆಗ. ಕೌಂಟರಿನಲ್ಲಿ ತೆರೆಯದೆ ಒಳಗೆ ಕಳಿಸಿದರೆ ಅದು ದೊಡ್ಡ ಕಾಯಿಲೆಯೇ ಎಂದು ಬೆಂಚು ಇಷ್ಟು ದಿನಗಳಲ್ಲಿ ಕಲಿತುಬಿಟ್ಟಿತ್ತು. ಹಿಂದೆ ಒಬ್ಬ ಕೂಗುತ್ತಿದ್ದ. ಈಗ ಕೂಗುವುದೇ ಬೇಕಾಗಿರಲಿಲ್ಲ.

"ಅಯ್ಯೋ ರೋಶನಮ್ಮ! ನಿಮಗೂ ಒಳಗಾ?"

ಅದು ಸಣ್ಣಮ್ಮನ ದನಿ. ವರ್ಷಕ್ಕೊಮ್ಮೆಯ ತಪಾಸಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಲ್ಮಾಸ್ ಕಪಾಟಿನ ಮರೆಯಿಂದ ಎದ್ದು ನಿಂತಳು. ಕೌಂಟರಿನಾಚೆ ಅಮ್ಮ ನಿಂತಿದ್ದಳು. ಬುರ್ಖಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬೆಂಚಿನ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಮೇಲೆ ಮಗಳನ್ನು ಕಂಡಳು.

"ಮೆಶೀನ್ ಕೆಟ್ಟಿದೆಯಾ ಬೇಟಾ?" ಎಂದಳು. ಕೆಟ್ಟಿರಲಿ ಎಂಬ ಆಸೆ ಆ ದನಿಯಲ್ಲಿತ್ತು.

ಅಲ್ಮಾಸ್ ಇಲ್ಲವೆಂದು ತಲೆಯಾಡಿಸಿದಳು. ಮೆಶೀನು ಸರಿಯಾಗೇ ಇತ್ತು.

ಡಾಕ್ಟರ ಕೋಣೆಯಿಂದ ಹೊರಬಂದಾಗ ರೋಶನ್ ಬೀ ಅಳಲಿಲ್ಲ. ಅವಳಿಗೆ ಒಂದೇ ಚಿಂತೆ. "ಅವರಿಗೆ ನಾನು ಹೇಳ್ತೀನಿ. ಮಧ್ಯಾಹ್ನ ಊಟಕ್ಕೆ ಬರ್ತಾರಲ್ಲ, ಊಟ ಆಗ್ಲಿ. ನೀನು ಬಾಯಿ ಬಿಡಬೇಡ." ಬೆಂಚಿನ ತುದಿ ಖಾಲಿಯಾಗಿತ್ತು. ಸಣ್ಣಮ್ಮ ಎಲ್ಲಿ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಆಟೋದಲ್ಲಿ ಬರುವಾಗ ರೋಶನ್ ಬೀ ಮಾರ್ಕೆಟ್ಟಿನ ಹತ್ತಿರ ನಿಲ್ಲಿಸಿ ಖೀಮಾ ತಗೊಂಡಳು. ಬಾಬು ಸಾಬನಿಗೆ ಖೀಮಾ ಅಂದರೆ ಜೀವ.

ಮನೆಗೆ ಬಂದರೆ ಬಾಬು ಸಾಬ್ ಮೆಟ್ಟಿಲ ಮೇಲೆ ಕೂತಿದ್ದ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಮೊಣಕೈವರೆಗೆ ಗ್ರೀಸು. ಪಕ್ಕದಲ್ಲಿ ಸಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವಳದ್ದು ಕೆಟ್ಟ ಮನಸ್ಸಲ್ಲ. ತನ್ನ ಕಾಯಿಲೆಯ ದಿನ ಆ ಬೆಂಚಿನಲ್ಲಿ ಒಬ್ಬಳೇ ಕೂತು ಅತ್ತವಳು, ರೋಶನಮ್ಮ ಒಬ್ಬಳೇ ಆಗಬಾರದು ಎಂದು ಓಡಿಹೋಗಿ ಗ್ಯಾರೇಜಿನಿಂದ ಗಂಡನನ್ನು ಕರೆತಂದಿದ್ದಳು.

ರೋಶನ್ ಬೀ ಖೀಮಾದ ಪೊಟ್ಟಣ ಹಿಡಿದುಕೊಂಡೇ, "ಬೇಗ ಬಂದ್ರಾ? ಕೈ ತೊಳ್ಕೊಂಡು ಬನ್ನಿ, ಅಡಿಗೆ ಮಾಡ್ತೀನಿ" ಎಂದಳು.

"ರೋಶನ್," ಎಂದ ಬಾಬು ಸಾಬ್. ನಾಲಿಗೆ ತೊದಲುತ್ತಿತ್ತು. "ರೋಶನ್, ಸಣ್ಣಮ್ಮ ಹೇಳಿದ್ರು."

ಆಕೆ ಹಾಗೇ ನಿಂತಳು. ಕೈಯಲ್ಲಿದ್ದದ್ದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಆಮೇಲೆ ಒಳಗೆ ಹೋಗಿ ಅಡಿಗೆಯನ್ನಂತೂ ಮಾಡಿದಳು. ಯಾರೂ ಉಣ್ಣಲಿಲ್ಲ.

ಮರುದಿನ ಅಲ್ಮಾಸ್ ನಿಯಮ ಬದಲಿಸಿದಳು. ಯಾವ ರಿಪೋರ್ಟೂ ಕೌಂಟರಿನಲ್ಲಿ ತೆರೆಯಕೂಡದು. ಶುಗರ್ ಇರಲಿ, ನೆಗಡಿ ಇರಲಿ, ಎಲ್ಲಕ್ಕೂ ಒಂದೇ ಲೇಬಲ್ಲು, ಎಲ್ಲರೂ ಒಳಗೇ ಹೋಗಿ ಈಸಿಕೊಳ್ಳಬೇಕು. ಸಾಲು ಉದ್ದವಾಗುತ್ತದೆ ಎಂದು ಶಿವಮೊಗ್ಗದವರು ಗೊಣಗಿದರು. ಗೊಣಗಲಿ ಎಂದಳು. ಡಾಕ್ಟರ್ ಶಾಂಭವಿ ಪಟ್ಟು ಹಿಡಿದು ಒಳಗೆ ಇನ್ನೊಬ್ಬರನ್ನು ಕೂರಿಸಿಕೊಂಡರು. ಬೆಂಚಿನವರಿಗೆ ಕೆಲವು ದಿನ ಗಲಿಬಿಲಿಯಾಯಿತು; ಎಲ್ಲರೂ ಒಳಗೆ ಹೋಗತೊಡಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡುವುದು ಬಿಟ್ಟರು. ಎಷ್ಟು ಸುಲಭದ ಕೆಲಸ! ಅದೇ ಮೊದಲೇ ಹೊಳೆದಿದ್ದರೆ ಎಂದು ಅಲ್ಮಾಸ್ ಬಸ್ಸಿನ ಕಿಟಕಿಗೆ ಹಣೆಯಾನಿಸಿ ಅತ್ತಳು. ದಿನಾ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳುವುದನ್ನೂ ಬಿಟ್ಟು ಆ ಕಡೆ ಹೋಗುತ್ತಿದ್ದ.

ಗಂಟು ಬಗಲಿಗೂ ಹಬ್ಬಿತ್ತು. ಶಿವಮೊಗ್ಗದ ಆಸ್ಪತ್ರೆ, ಔಷಧಿ, ವಾಂತಿ, ಉದುರಿದ ಕೂದಲು. ಬಾಬು ಸಾಬನ ತೊದಲು ಹೋಗಲಿಲ್ಲ. ಅವನು ಹೆಂಡತಿಯ ಮುಂದೆ ಮಾತನ್ನೇ ಕಮ್ಮಿ ಮಾಡಿದ. ಒಂದು ಮಧ್ಯಾಹ್ನ ಆಸ್ಪತ್ರೆಯ ಮಂಚದ ಪಕ್ಕ ಕೂತು ಅಲ್ಮಾಸ್ ಕೇಳಿಯೇಬಿಟ್ಟಳು. "ಅಮ್ಮೀ, ನನ್ನಿಂದಲೇ ಆಯ್ತಲ್ಲ. ನನ್ನ ಮೇಲೆ ಸಿಟ್ಟಿದೆಯಾ?"

"ಹುಚ್ಚಿ. ನೀನು ಬೀಗ ಗಟ್ಟಿಯಾಗೇ ಹಾಕಿದ್ದೆ. ಊರಿನವರು ಬೀಗ ನೋಡ್ಕೊಂಡು ಮಾತಾಡಿದ್ರು, ಅದಕ್ಕೆ ನೀನೇನು ಮಾಡ್ತೀಯ?" ರೋಶನ್ ಬೀ ಮಗಳ ಕೈ ಹಿಡಿದುಕೊಂಡಳು. "ಸಾಯೋದಕ್ಕೆ ನನಗೆ ಬೇಜಾರಿಲ್ಲ. ಅದೊಂದೇ ಬೇಜಾರು. ಮದುವೆ ಆದಾಗಿಂದ ಅವರಿಗೆ ಎಲ್ಲಾ ನಾನೇ ಹೇಳ್ತಿದ್ದೆ. ಇದೊಂದನ್ನ ಬೇರೆಯವರು ಹೇಳಿಬಿಟ್ರು. ಅವತ್ತು ಅವರು ಏನೂ ತಿಂದಿರಲಿಲ್ಲ ಅಲ್ಮಾಸೂ, ಬೆಳಗ್ಗೆ ಬರೀ ಚಾ ಕುಡಿದು ಹೋಗಿದ್ರು."

ರೋಶನ್ ಬೀ ತೀರಿಕೊಂಡದ್ದು ಮಳೆಗಾಲಕ್ಕೆ ಮುಂಚೆ, ಒಂದು ಬೆಳಗಿನ ಹೊತ್ತು. ಬಾಬು ಸಾಬ್ ಹಿಂದಿನ ದಿನವಷ್ಟೇ ಭದ್ರಾವತಿಗೆ ಬಂದಿದ್ದ. ಎರಡು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು, ಮನೆ ಸರಿಮಾಡಿಡಬೇಕಿತ್ತು. ಅಲ್ಮಾಸ್ ತಾಯಿಯ ಕಣ್ಣು ಮುಚ್ಚಿ, ಮೊದಲು ಫೋನ್ ಮಾಡಿದ್ದು ಸಣ್ಣಮ್ಮನಿಗೆ.

"ಸಣ್ಣಮ್ಮಾ, ಅಮ್ಮೀ ಹೋದ್ರು. ಅಬ್ಬಾಗೆ ಯಾರೂ ಹೇಳ್ಬಾರ್ದು. ನಾನು ಬರೋವರೆಗೂ ಯಾರೂ ಹೇಳ್ಬಾರ್ದು."

ಆ ಕಡೆಯಿಂದ ಅಳು ಕೇಳಿಸಿತು, ಆಮೇಲೆ ಮೂಗು ಸೀಟಿದ ಸದ್ದು. "ಹೇಳಲ್ಲ ಕಣವ್ವ. ಯಾರಿಗೂ ಹೇಳೋಕೂ ಬಿಡಲ್ಲ."

ಸಣ್ಣಮ್ಮ ಹಿತ್ತಲಿಗೆ ಹೋಗಿ ಆ ಇಡ್ಲಿ ಪಾತ್ರೆಯನ್ನು ತಂದು, ಗಲ್ಲಿಯ ಬಾಯಿಯಲ್ಲಿ ಬೋರಲು ಹಾಕಿ, ಅದರ ಮೇಲೆ ಕೂತುಬಿಟ್ಟಳು. ಆಸ್ಪತ್ರೆಯಿಂದ ಸುದ್ದಿ ಹೇಗೋ ಸೋರಿ ನೆಂಟರು ಬರತೊಡಗಿದ್ದರು. "ಈಗ ಯಾರೂ ಒಳಗೆ ಹೋಗಂಗಿಲ್ಲ" ಎಂದಳು. ಬಯ್ಯಬೇಕಾದವರಿಗೆ ಬಯ್ದಳು. ಮಸೀದಿಯ ಹಿರಿಯರಿಗೆ ಕೈಮುಗಿದಳು. ಅವರೂ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಅಲ್ಮಾಸ್ ಬಂದಾಗ ಗಲ್ಲಿಯ ಬಾಯಿ ತುಂಬ ಜನ. ಒಳಗೆ ಗಲ್ಲಿ ಖಾಲಿ.

ಬಾಬು ಸಾಬ್ ಅಂಗಳದಲ್ಲಿ ಯಾರಿಂದಲೋ ಕೇಳಿ ತಂದ ಗಾಲಿ ಕುರ್ಚಿಯನ್ನು ಬೋರಲು ಹಾಕಿಕೊಂಡು ಗಾಲಿಗೆ ಗ್ರೀಸು ಹಚ್ಚುತ್ತಿದ್ದ. "ಕೀಚ್ ಕೀಚ್ ಅಂತಿತ್ತು ಬೇಟಾ. ಅವಳಿಗೆ ಸದ್ದು ಆಗಲ್ಲ," ಎಂದ. ಗಾಲಿ ತಿರುಗಿಸಿ ತೋರಿಸಿದ.

ಅಲ್ಮಾಸ್ ಒಳಗೆ ಹೋದಳು. ಸಣ್ಣಮ್ಮ ತಂದಿಟ್ಟಿದ್ದ ಅನ್ನ ಸಾರು ಬಿಸಿ ಮಾಡಿದಳು. ತಟ್ಟೆ ಹಾಕಿ, ಲೋಟದಲ್ಲಿ ನೀರಿಟ್ಟು, ಬಾಗಿಲಿಗೆ ಬಂದು ನಿಂತಳು.

"ಅಬ್ಬಾ, ಕೈ ತೊಳ್ಕೊಂಡು ಬನ್ನಿ. ಊಟ ಮಾಡಿ."

ಊಟದ ಹೊತ್ತು ಆಗಿರಲಿಲ್ಲ. ಬಾಬು ಸಾಬ್ ಮಗಳ ಮುಖ ನೋಡಿದ. ಗಾಲಿ ಇನ್ನೂ ತಿರುಗುತ್ತಿತ್ತು, ಕೈಯಿಟ್ಟು ನಿಲ್ಲಿಸಿದ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತಿಕ್ಕಿದ. ಬಂದು ತಟ್ಟೆಯ ಮುಂದೆ ಕೂತ. ಕಣ್ಣೀರು ಅನ್ನದ ಮೇಲೆ ಬೀಳುತ್ತಿದ್ದರೂ ಒಂದಗುಳು ಬಿಡದೆ ಉಂಡ, ಹೆಂಡತಿಯೇ ಎದುರಿಗೆ ಕೂತು ನೋಡುತ್ತಿದ್ದಾಳೆ ಎಂಬಂತೆ. ಕೊನೆಯ ಗುಟುಕು ನೀರು ಕುಡಿದ.

"ಈಗ ಹೇಳು ಬೇಟಾ," ಎಂದ.

ಅಲ್ಮಾಸ್ ಹತ್ತಿರ ಬಂದು ಕೂತು, ಮೆಲ್ಲಗೆ ಹೇಳಿದಳು.